ಬೋಟ್ ಪೇಂಟಿಂಗ್ ಕೆಲಸ, ಥಿನ್ನರ್ ವಾಸನೆ, ಮಕ್ಕಳಾಗದಿರೋದು: ಸಂಬಂಧ ಇದ್ಯಾ? ಗೊತ್ತಿದ್ದವರು ಹೇಳಿ

ದೋಣಿಬಣ್ಣ (ಕಾರವಾರ ಕಡೆ)
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯೋದು ಅಳಿಸೋದು ಮಾಡ್ತಾ ಇದ್ದೆ, ಇವತ್ತು ಬರೆದೇ ಬಿಡ್ತೇನೆ. ನಂಗೆ 33 ವರ್ಷ, ಮದ್ವೆ ಆಗಿ ಐದು ವರ್ಷ ಆಯ್ತು, ಮಕ್ಕಳಿಲ್ಲ. ಫೈಬರ್ ಬೋಟ್ ರಿಪೇರಿ ಮತ್ತೆ ಪೇಂಟಿಂಗ್ ನನ್ನ ಕೆಲಸ, ಹನ್ನೊಂದು ವರ್ಷ ಆಯ್ತು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರ್ತದಲ್ಲ, ಆಗಲೇ ಎಲ್ಲ ಬೋಟು ಮೇಲೆ ಬರ್ತವೆ, ಆಗಲೇ ನಮಗೆ ಉಸಿರಾಡ್ಲಿಕ್ಕೂ ಪುರುಸೊತ್ತಿಲ್ಲ. ಮಳೆ ಹೊಡೀತದೆ ಅಂತ ನಾಲ್ಕೂ ಕಡೆ ತಾಡಪಾಲ್ ಕಟ್ಟಿರ್ತಾರೆ, ಒಳಗೆ ಕಂಪ್ರೆಸರ್, ಸ್ಪ್ರೇ ಗನ್, ರೆಸಿನ್, ಥಿನ್ನರ್. ಸಾಯಂಕಾಲ ಕೈ ತೊಳೆಯೋದೂ ಥಿನ್ನರಲ್ಲೇ, ಬೇರೆ ಯಾವುದಕ್ಕೂ ಬಣ್ಣ ಹೋಗೋದಿಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಳ್ತೇನೆ, ಅಷ್ಟೇ.

ಇಷ್ಟು ವರ್ಷ ಹೆಂಡತಿಗೆ ಮಾತ್ರ ತೋರಿಸ್ತಾ ಇದ್ವಿ. ಅವಳದ್ದು ಎಲ್ಲ ನಾರ್ಮಲ್ ಅಂತ ಬಂದಮೇಲೆ ಸೆಪ್ಟೆಂಬರಲ್ಲಿ ನಂದು ವೀರ್ಯದ ಟೆಸ್ಟ್ ಮಾಡಿಸಿದ್ರು. ವೀರ್ಯಾಣು ಒಂದು ಎಂಎಲ್‌ಗೆ 6 ಮಿಲಿಯನ್, ಅಂದ್ರೆ 60 ಲಕ್ಷ. ಓಡಾಟವೂ ಕಮ್ಮಿ ಅಂತೆ. ಡಾಕ್ಟ್ರು ಗುಳಿಗೆ ಬರೆದು ಮೂರು ತಿಂಗಳು ಬಿಟ್ಟು ಬಾ ಅಂದ್ರು. ಎಂತ ಕೆಲಸ ಮಾಡ್ತೀಯ ಅಂತ ಯಾರೂ ಕೇಳ್ಲಿಲ್ಲ. ನನ್ನ ಜೊತೆ ಶೆಡ್ಡಲ್ಲಿ ಇರೋ ಇನ್ನೊಬ್ಬನಿಗೂ ಮಕ್ಕಳಿಲ್ಲ. ಅವನ ಹತ್ರ ಇದನ್ನ ಕೇಳ್ಲಿಕ್ಕೂ ಬಾಯಿ ಬರ್ತಿಲ್ಲ. ಇದು ಕೆಲಸದಿಂದ ಆಗ್ತದಾ?

ಗುಡ್ಡೆಮನೆ
ತಮಾ, ಧೈರ್ಯ ಮಾಡಿ ಬರೆದೆಯಲ್ಲ, ಅದೇ ದೊಡ್ಡದು. ನಂಗೆ ಇದರ ಬಗ್ಗೆ ಗೊತ್ತಿಲ್ಲ, ಗೊತ್ತಿದ್ದವರು ಬರ್ತಾರೆ ನೋಡು.

ಹಳೇಹುಲಿ (ಹೊನ್ನಾವರ)
ಎಲ್ಲ ಈಗಿನ ಕಾಲದ್ದು ಮಾರಾಯ. ನಮ್ಮಜ್ಜ ಮರದ ದೋಣಿಗೆ ಜೀವಮಾನ ಇಡೀ ಗೇರೆಣ್ಣೆ ಬಳಿದವ, ಒಂಬತ್ತು ಮಕ್ಕಳು. ಥಿನ್ನರ್ ಮೂಸಿದ್ರೆ ಮಕ್ಕಳಾಗೋದಿಲ್ಲ ಅಂದ್ರೆ ಪೇಂಟರ್ ಜಾತಿಯೇ ಇರ್ತಿರ್ಲಿಲ್ಲ. ಆಹಾರ ಸರಿ ಇಲ್ಲ, ನಿದ್ದೆ ಇಲ್ಲ, ಮೊಬೈಲು. ಅಶ್ವಗಂಧ ತಗೋ.

ಲ್ಯಾಬಕ್ಕ
ಹಳೇಹುಲಿಯವ್ರೆ, ಗೇರೆಣ್ಣೆಗೂ ಈಗಿನ ಡ್ರಮ್ಮಲ್ಲಿ ಬರೋ ಥಿನ್ನರಿಗೂ ಹೋಲಿಕೆ ಮಾಡ್ಬೇಡಿ.

ದೋಣಿಬಣ್ಣ, ನಾನು ಲ್ಯಾಬಲ್ಲಿ 14 ವರ್ಷದಿಂದ ಇದ್ದೇನೆ. ಮೊದಲು ಒಂದು ಮಾತು, ಒಂದೇ ರಿಪೋರ್ಟ್ ಹಿಡ್ಕೊಂಡು ಏನೂ ತೀರ್ಮಾನ ಮಾಡ್ಬೇಡ. ಇದು ವಾರದಿಂದ ವಾರಕ್ಕೆ ಬದಲಾಗ್ತದೆ, ಜ್ವರ ಬಂದು ಹೋದ್ರೂ ಎರಡು ಮೂರು ತಿಂಗಳು ಕಮ್ಮಿ ತೋರಿಸ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪುಸ್ತಕದ ಪ್ರಕಾರ ಕೆಳಗಿನ ಗಡಿ ಎಂಎಲ್‌ಗೆ 16 ಮಿಲಿಯನ್, ಓಡಾಡುವಂಥವು ಒಟ್ಟು 42 ಪರ್ಸೆಂಟ್. ಗಡಿಗಿಂತ ಕೆಳಗೆ ಬಂದ್ರೆ ಮಕ್ಕಳೇ ಆಗೋದಿಲ್ಲ ಅಂತ ಅರ್ಥ ಅಲ್ಲ, ತಡ ಆಗ್ಬಹುದು ಅಂತ. ಟೆಸ್ಟಿಗೆ ಹೋಗೋ ಮುಂಚೆ 2ರಿಂದ 7 ದಿನ ಸಂಪರ್ಕ ಇರ್ಬಾರ್ದು. ಸ್ಯಾಂಪಲ್ ಆದಷ್ಟು ಲ್ಯಾಬಲ್ಲೇ ಕೊಡ್ಬೇಕು. ಮನೆಯಿಂದ ತರೋದಾದ್ರೆ ಡಬ್ಬಿನ ಒಳಜೇಬಲ್ಲಿ ಮೈಗೆ ತಾಗಿ ಇಟ್ಕೊಂಡು ಒಂದು ಗಂಟೆ ಒಳಗೆ ತಲುಪಿಸ್ಬೇಕು. ನಮ್ಮಲ್ಲಿ ಒಬ್ರು ಒಳಗಿನ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ, ಡಬ್ಬಿನ ಬ್ಯಾಗಲ್ಲಿ ತಣ್ಣನೆ ನೀರಿನ ಬಾಟ್ಲಿ ಪಕ್ಕ ಇಟ್ಕೊಂಡು ತಂದಿದ್ರು. ಅದರಲ್ಲಿ ಓಡಾಟ ಎಲ್ಲಿಂದ ಬರ್ಬೇಕು ಹೇಳಿ.

ಸುಗ್ಗಿಹೂ (ಅಂಕೋಲಾ)
"ಇಷ್ಟು ವರ್ಷ ಹೆಂಡತಿಗೆ ಮಾತ್ರ ತೋರಿಸ್ತಾ ಇದ್ವಿ." ಈ ಒಂದು ಸಾಲು ಓದಿ ಹೊಟ್ಟೆ ಉರೀತು. ನಿಮ್ಮ ಮೇಲಲ್ಲ ತಮಾ, ನಮ್ಮ ಊರಿನ ಈ ರೂಢಿ ಮೇಲೆ.

ನಂದು ಹೇಳ್ತೇನೆ. ನಾಲ್ಕು ವರ್ಷ ನಾನೊಬ್ಬಳೇ ಓಡಾಡಿದ್ದು. ಬೆಳಗಾಗೋ ಮುಂಚಿನ ಬಸ್ಸಿಗೆ ಹುಬ್ಬಳ್ಳಿ, ಸ್ಕ್ಯಾನ್ ಮೇಲೆ ಸ್ಕ್ಯಾನ್, ಟ್ಯೂಬಿಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೀತಾರಲ್ಲ ಅದು, ಆ ನೋವು ಈಗ ನೆನೆಸಿದ್ರೂ ಮೈ ಜುಮ್ ಅಂತದೆ. ಗೋಕರ್ಣದಲ್ಲಿ ಪೂಜೆ, ನಾಗರ ಪ್ರತಿಷ್ಠೆ. ಅತ್ತೆ ಬೇರೆಯವರ ಮನೆ ಸೀಮಂತಕ್ಕೆ ನನ್ನ ಕರ್ಕೊಂಡು ಹೋಗೋದನ್ನೇ ಬಿಟ್ರು. ನಾಲ್ಕನೇ ವರ್ಷ ಒಬ್ಬ ಹೊಸ ಡಾಕ್ಟರಮ್ಮ, ಗಂಡ ಎಲ್ಲಿ, ಅವರ ರಿಪೋರ್ಟ್ ಎಲ್ಲಿ, ಅದು ಬರೋ ತನಕ ನಾನು ನಿನ್ನನ್ನ ಮುಟ್ಟೋದಿಲ್ಲ ಅಂದ್ರು. ಕೆಲವು ನೂರು ರೂಪಾಯಿಯ ಟೆಸ್ಟು. 4 ಮಿಲಿಯನ್ ಬಂತು.

ನಮ್ಮವರು ಆಗ ಹಳೇ ಬ್ಯಾಟರಿ ಒಡೆಯೋ ಕಡೆ ಕೆಲಸಕ್ಕಿದ್ರು. ಒಡೆದು ಒಳಗಿನ ಸೀಸ ತೆಗೆದು ಕರಗಿಸೋದು. ಸಾಯಂಕಾಲ ಬಂದ್ರೆ ಉಗುರಿನ ಸಂದಿ, ಕಿವಿ ಹಿಂದೆ ಬೂದಿ ಬಣ್ಣದ ಧೂಳು, ಆ ಅಂಗಿ ಒಗೀತಿದ್ದದ್ದು ನಾನೇ. ಡಾಕ್ಟರಮ್ಮ ರಕ್ತದಲ್ಲಿ ಸೀಸ ನೋಡಿಸಿದ್ರು, 52 ಬಂತು. ಕೆಲಸ ಬಿಡಿಸಿದ್ವಿ. ಮಗು ಆಯ್ತಾ ಅಂತ ಯಾರೂ ಕೇಳ್ಬೇಡಿ, ನಾನು ಹೇಳ್ಲಿಕ್ಕೆ ಬಂದದ್ದು ಅದಲ್ಲ. ಗಂಡನ ಟೆಸ್ಟ್ ಮೊದಲನೇ ದಿನವೇ ಆಗ್ಬೇಕಿತ್ತು, ಎಂತ ಕೆಲಸ ಅಂತ ಮೊದಲನೇ ದಿನವೇ ಕೇಳ್ಬೇಕಿತ್ತು.

ಕರಾವಳಿಪುತ್ರ
ಇಂಥಾ ವಿಷಯ ಎಲ್ಲರೂ ಓದೋ ಕಡೆ ಬೇಕಾ? ಹೆಣ್ಮಕ್ಕಳೂ ಇರ್ತಾರೆ ಇಲ್ಲಿ.

ಸುಗ್ಗಿಹೂ (ಅಂಕೋಲಾ)
ಅವರು ಓದ್ಲಿ ಅಂತಲೇ ಬರೆದದ್ದು.

ರಸಾಯನ ಮೇಷ್ಟ್ರು (ಶಿರಸಿ)
ಸುಗ್ಗಿಹೂ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸೀಸದ ಬಗ್ಗೆ ಅನುಮಾನವೇ ಇಲ್ಲ, ರಕ್ತದಲ್ಲಿ ಡೆಸಿಲೀಟರಿಗೆ 40 ಮೈಕ್ರೋಗ್ರಾಂ ದಾಟಿದ್ರೆ ವೀರ್ಯಾಣು ಕಮ್ಮಿ ಆಗೋದು ಬೇರೆ ಬೇರೆ ದೇಶದ ಕೆಲಸಗಾರರಲ್ಲಿ ಕಂಡಿದೆ.

ಈಗ ದೋಣಿಬಣ್ಣ ಅವರ ಪ್ರಶ್ನೆ. ಥಿನ್ನರ್ ಅಂದ್ರೆ ಒಂದೇ ವಸ್ತು ಅಲ್ಲ, ನಾಲ್ಕೈದು ದ್ರಾವಕ ಸೇರಿಸಿದ ಮಿಶ್ರಣ. ಅದರೊಳಗೆ ಗ್ಲೈಕಾಲ್ ಈಥರ್ ಅನ್ನೋ ಗುಂಪು ಇದ್ಯಾ ಅನ್ನೋದು ಮುಖ್ಯ. ಆ ಗುಂಪಲ್ಲೂ 2-ಮೆಥಾಕ್ಸಿ ಎಥನಾಲ್, 2-ಎಥಾಕ್ಸಿ ಎಥನಾಲ್, ಮತ್ತೆ ಇವುಗಳ ಅಸಿಟೇಟ್. ಇವು ನೇರ ವೃಷಣಕ್ಕೇ ಹೊಡೆತ ಕೊಡೋವು. ಅಮೆರಿಕದಲ್ಲಿ ಹಡಗು ಕಟ್ಟೋ ಯಾರ್ಡಿನ 73 ಪೇಂಟರುಗಳನ್ನ ಪರೀಕ್ಷೆ ಮಾಡಿ 1988ರಲ್ಲಿ ವರದಿ ಬಂತು, ಬೀಡಿ ಸಿಗರೇಟಿನ ಲೆಕ್ಕ ತೆಗೆದ ಮೇಲೂ ಅವರಲ್ಲಿ ವೀರ್ಯಾಣು ಕಮ್ಮಿ ಇದ್ದವರು ಜಾಸ್ತಿ ಸಿಕ್ಕರು. ನಿಮ್ಮದೇ ಕೆಲಸ ನೋಡಿ, ಹಡಗಿನ ಬದಲು ಬೋಟು. ಇನ್ನೊಂದು, ಇವು ಮೂಗಿಂದ ಮಾತ್ರ ಅಲ್ಲ, ಚರ್ಮದಿಂದಲೂ ಚೆನ್ನಾಗಿ ಒಳಗೆ ಹೋಗ್ತವೆ. ಥಿನ್ನರಲ್ಲಿ ಕೈ ತೊಳೆಯೋದನ್ನ ಇವತ್ತೇ ನಿಲ್ಲಿಸಿ. ತೆಂಗಿನೆಣ್ಣೆ ಹಚ್ಚಿ ತಿಕ್ಕಿ ಆಮೇಲೆ ಸಾಬೂನು ಹಾಕಿದ್ರೆ ಬಣ್ಣ ತಡವಾಗಿ ಆದ್ರೂ ಹೋಗ್ತದೆ.

ಲೆಕ್ಕ ನೋಡಿ ಇನ್ನೊಂದು. ಒಂದು ವೀರ್ಯಾಣು ತಯಾರಾಗ್ಲಿಕ್ಕೆ ಸುಮಾರು 74 ದಿನ, ಅದು ಹೊರಗೆ ಬರೋ ದಾರಿ ಸೇರಿಸಿದ್ರೆ ಹತ್ತಿರ ಹತ್ತಿರ ಮೂರು ತಿಂಗಳು. ನೀವು ಸೆಪ್ಟೆಂಬರಲ್ಲಿ ಕೊಟ್ಟ ಸ್ಯಾಂಪಲ್ ತಯಾರಾದದ್ದು ಜೂನ್ ಜುಲೈಯಲ್ಲಿ, ಆ ತಾಡಪಾಲ್ ಒಳಗೆ. ಇದೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳೋ ಹಾಗಿಲ್ಲ, ಆದ್ರೆ ಡಾಕ್ಟ್ರಿಗೆ ಈ ಲೆಕ್ಕ ಹೇಳಲೇಬೇಕು.

ಘಟ್ಟದಮೇಲಿನವ (ಸಿದ್ದಾಪುರ)
ಮೇಷ್ಟ್ರೆ, ಹಂಗಾದ್ರೆ ಅಡಿಕೆಗೆ ಹೊಡೆಯೋ ನಮ್ಮ ಕೊಳೆ ಔಷಧಿ? ಬೋರ್ಡೋ ಹೊಡೆಯೋದು ಅಂದ್ರೆ ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ, 100 ಲೀಟರ್ ನೀರು. ಮೊದಲು ಕೊನೆಗೌಡ ಮರ ಹತ್ತಿ ಕೊನೆಗೇ ಹೊಡೀತಿದ್ದ. ಈಗ ಉದ್ದ ಕೋಲಿನ ದೋಟಿ ಬಂದ್ಮೇಲೆ ಕೆಳಗೆ ನಿಂತು ಮೇಲಕ್ಕೆ ಹೊಡೆಯೋದು, ಅರ್ಧ ಔಷಧಿ ಹೊಡೆಯುವವನ ಮೈಮೇಲೇ ಬೀಳ್ತು. ಸಂಜೆಗೆ ತಲೆಯಿಂದ ಮೊಣಕಾಲಿನ ತನಕ ನೀಲಿ ನೀಲಿ. ನಮ್ಮ ಕಡೆ ಗಂಡು ಹುಡುಗ್ರಿಗೆ ಹೆಣ್ಣೇ ಸಿಗ್ತಿಲ್ಲೆ, ಸಿಕ್ಕಿದವಕ್ಕೂ ಈ ತಾಪತ್ರಯ ಬಂದ್ರೆ ಎಂತ ಮಾಡೋದು.

ರಸಾಯನ ಮೇಷ್ಟ್ರು (ಶಿರಸಿ)
ಬೋರ್ಡೋ ವಿಷಯದಲ್ಲಿ ಹೆದರಿಸ್ಲಿಕ್ಕೆ ನಾನು ತಯಾರಿಲ್ಲ. ನೂರು ವರ್ಷದ ಹಿಂದೆ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸೀಮೆಯಲ್ಲಿ ಕೊಳೆರೋಗಕ್ಕೆ ಇದನ್ನ ರೂಢಿಗೆ ತಂದದ್ದರಿಂದ ತೋಟ ಉಳಿದಿವೆ. ತಾಮ್ರದ ಔಷಧಿಯಲ್ಲಿ ಚೆನ್ನಾಗಿ ಗೊತ್ತಿರೋ ಅಪಾಯ ಶ್ವಾಸಕೋಶದ್ದು. ಪೋರ್ಚುಗಲ್ಲಿನ ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ಇದನ್ನೇ ಹೊಡೆದವರ ಶ್ವಾಸಕೋಶದಲ್ಲಿ ಗಂಟು ಗಂಟಾದ್ದನ್ನ 1969ರಲ್ಲೇ ಬರೆದಿದ್ದಾರೆ. ಹಾಗಾಗಿ ಮುಖ ಮುಚ್ಚಿ ಹೊಡೀರಿ. ಔಷಧಿಯಲ್ಲಿ ಕತ್ತಿ ಅದ್ದಿ ನೋಡೋದನ್ನ ತಪ್ಪಿಸ್ಬೇಡಿ, ಕತ್ತಿ ಮೇಲೆ ಕೆಂಪು ಕೂತ್ರೆ ಸುಣ್ಣ ಸಾಲದು ಅಂತ. ಅದು ಹಿಂಗಾರಕ್ಕೂ ಸುಡ್ತದೆ, ನಿಮ್ಮ ಚರ್ಮಕ್ಕೂ.

ನಂಗೆ ಹೆದರಿಕೆ ಇರೋದು ಬೆನ್ನಿಗೆ ಹಾಕೋ ಪಂಪಿನದ್ದು. ಕಳೆನಾಶಕ, ಕೀಟನಾಶಕ. ವಾಷರ್ ಹೋಗಿ ಸೋರ್ತಾ ಇರ್ತದೆ, ಬೆನ್ನಿಂದ ಇಳಿದು ಚಡ್ಡಿ ಇಡೀ ಒದ್ದೆ, ಅದೇ ಚಡ್ಡಿಯಲ್ಲಿ ಸಂಜೆ ತನಕ. ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಮೈಯ ಯಾವ ಭಾಗದಿಂದ ಎಷ್ಟು ಒಳಗೆ ಹೋಗ್ತದೆ ಅಂತ 1971ರಲ್ಲಿ ಅಳೆದು ನೋಡಿದ್ರು. ಮುಂಗೈಯಿಂದ ನೂರಕ್ಕೆ 9 ಪಾಲೂ ಹೋಗ್ಲಿಲ್ಲ, ಬೀಜದ (ವೃಷಣದ) ಚೀಲದ ಚರ್ಮದಿಂದ ಪೂರ್ತಿ ಹೋಯ್ತು. ಹೆಚ್ಚುಕಮ್ಮಿ 12 ಪಟ್ಟು. ನಾವು ಕೈಗೆ ಗ್ಲೌಸ್ ಹಾಕ್ತೇವೆ, ಸೊಂಟದ ಕೆಳಗೆ ತೆಳ್ಳಗಿನ ಲುಂಗಿ.

ಘಟ್ಟದಮೇಲಿನವ (ಸಿದ್ದಾಪುರ)
ನಮ್ಮನೆ ಪಂಪು ಎರಡು ವರ್ಷದಿಂದ ಸೋರ್ತು. ಒಂದು ವಾಷರಿಗೆ ಎಷ್ಟು ಮಹಾ ಆಗ್ತು, ನಾಳೆ ಪ್ಯಾಟೆಗೆ ಹೋದಾಗ ಅದೇ ಮೊದಲು.

ಗೇರುಬೀಜ (ಭಟ್ಕಳ)
ಎಂಡೋಸಲ್ಫಾನ್ ಕೀಟನಾಶಕ ಮರೆತ್ರಾ ಎಲ್ಲರೂ? ಗೇರು ಪ್ಲಾಂಟೇಶನ್ ಮೇಲೆ ಹೆಲಿಕಾಪ್ಟರಲ್ಲಿ ಸುರಿದದ್ದು. ಕಾಸರಗೋಡಲ್ಲಿ ಗಂಡು ಹುಡುಗರನ್ನ ಪರೀಕ್ಷೆ ಮಾಡಿ, ಪ್ರಾಯಕ್ಕೆ ಬರೋದು ತಡ ಆಗಿದೆ, ಹಾರ್ಮೋನ್ ಏರುಪೇರಾಗಿದೆ ಅಂತ 2003ರಲ್ಲೇ ವರದಿ ಬಂತು. ದೇಶ ಇಡೀ ಅದನ್ನ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ನಡುವೆ ಎಂಟು ವರ್ಷ. ನಮ್ಮ ಜಿಲ್ಲೆಯಲ್ಲೂ ಪೀಡಿತರಿದ್ದಾರೆ, ಮಾಸಾಶನಕ್ಕೆ ಇನ್ನೂ ಅಲೀತಿದ್ದಾರೆ.

ರಸಾಯನ ಮೇಷ್ಟ್ರು (ಶಿರಸಿ)
ಎಂಟು ವರ್ಷ ಅಂದ್ರಲ್ಲ, ಇನ್ನೊಂದು ಕೇಳಿ. ಡಿಬಿಸಿಪಿ ಅಂತ ಬೇರಿನ ಜಂತುಹುಳಕ್ಕೆ ಹಾಕೋ ಔಷಧಿ. ಕ್ಯಾಲಿಫೋರ್ನಿಯಾದ ಲ್ಯಾಥ್ರೋಪ್ ಅನ್ನೋ ಊರಲ್ಲಿ ಅದನ್ನ ತಯಾರಿಸೋ ಫ್ಯಾಕ್ಟರಿ ಇತ್ತು. 1977ರಲ್ಲಿ ಅಲ್ಲಿಯ ಕೆಲಸಗಾರರು ತಮ್ಮತಮ್ಮೊಳಗೆ ಮಾತಾಡ್ತಾ, ಇಲ್ಲಿ ಸೇರಿದ್ಮೇಲೆ ನಮ್ಮಲ್ಲಿ ಯಾರಿಗೂ ಮಕ್ಕಳಾಗಿಲ್ಲವಲ್ಲ ಅಂತ ಗಮನಿಸಿದ್ರು. ಪರೀಕ್ಷೆ ಮಾಡಿಸಿದ್ರೆ ಎಷ್ಟೋ ಜನರಲ್ಲಿ ವೀರ್ಯಾಣು ಸೊನ್ನೆ. ಇಲಿಗಳಲ್ಲಿ ಇದೇ ಔಷಧಿಯಿಂದ ವೃಷಣ ಕುಗ್ಗೋದು 1961ರಲ್ಲೇ ಅಚ್ಚಾಗಿತ್ತು. ಹದಿನಾರು ವರ್ಷ ಆ ಕಾಗದ ಹಾಗೇ ಇತ್ತು, ಕೆಲಸಗಾರರಿಗೆ ಯಾರೂ ಹೇಳಿರ್ಲಿಲ್ಲ. ಅಮೆರಿಕದಲ್ಲಿ 1979ರಲ್ಲಿ ಹೆಚ್ಚಿನ ಬಳಕೆ ನಿಂತಿತು. ಅಷ್ಟರೊಳಗೆ ಮಧ್ಯ ಅಮೆರಿಕದ ಬಾಳೆ ತೋಟದ ಸಾವಿರಾರು ಜನರಿಗೂ ಅದೇ ಗತಿ ಆಗಿತ್ತು. ಕೆಲವರದ್ದು ಬಿಟ್ಟಮೇಲೆ ಸರಿಯಾಯ್ತು, ಸೊನ್ನೆಗೆ ಹೋಗಿದ್ದವರಲ್ಲಿ ಬಹಳ ಜನರದ್ದು ಸರಿಯಾಗಲೇ ಇಲ್ಲ.

ದೋಣಿಬಣ್ಣ, ಪಕ್ಕದವನ ಹತ್ರ ಕೇಳ್ಲಿಕ್ಕೆ ಬಾಯಿ ಬರ್ತಿಲ್ಲ ಅಂದ್ರಿ. ಅಲ್ಲಿ ವಿಷಯ ಹೊರಗೆ ಬಂದದ್ದೇ ಪಕ್ಕದವನ ಹತ್ರ ಮಾತಾಡಿ.

ಜುಬೈಲ್‌ಭಾವ (ಕುಮಟಾ)
ನಾನು ಗಲ್ಫಲ್ಲಿ ವೆಲ್ಡರ್ ಆಗಿ ಎಂಟು ವರ್ಷ ಇದ್ದವ. ಅಲ್ಲಿ ಡ್ರಮ್ ಮೇಲಿನ ಕಾಗದ ಓದದೇ ಮುಚ್ಚಳ ತೆಗೆಯೋ ಹಾಗಿರ್ಲಿಲ್ಲ, ಪ್ರತಿ ಕೆಮಿಕಲ್ಲಿಗೂ ಸೇಫ್ಟಿ ಡೇಟಾ ಶೀಟ್ ಅಂತ ಇರ್ತದೆ, ಅಂಗಡಿಯವನ ಹತ್ರ ಕೇಳು, ಇಲ್ಲಾಂದ್ರೆ ಕಂಪನಿ ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿದ್ರೆ ಸಿಗ್ತದೆ. ಡಬ್ಬಿ ಮೇಲೆ ಕೆಂಪು ಗೆರೆಯ ಚೌಕ, ಒಳಗೆ ಮನುಷ್ಯನ ಎದೆ ಮೇಲೆ ನಕ್ಷತ್ರ ಒಡೆದ ಹಾಗೆ ಚಿತ್ರ ಇದ್ರೆ ಅದು ಮೈಯನ್ನ ಒಳಗೊಳಗೇ ಹಾಳು ಮಾಡೋವಂಥದ್ದು. ಶೀಟಲ್ಲಿ ಎಚ್ 360 ಅನ್ನೋ ಅಪಾಯದ ಸಂಖ್ಯೆ ಇದ್ಯಾ ನೋಡು.

ಮತ್ತೆ ಶಾಖ. ವೆಲ್ಡಿಂಗ್, ಬಾಯ್ಲರ್, ಲಾರಿ ಡ್ರೈವರ್, ಎಲ್ಲರಿಗೂ. ಬೀಜ ಮೈಗಿಂತ 2ರಿಂದ 4 ಡಿಗ್ರಿ ತಂಪು ಇರ್ಬೇಕು, ಅದಕ್ಕೇ ದೇವರು ಹೊರಗೆ ಇಟ್ಟದ್ದು.

ರಸಾಯನ ಮೇಷ್ಟ್ರು (ಶಿರಸಿ)
ಭಾವ ಹೇಳಿದ ಎಚ್ 360 ಪಕ್ಕದ ಅಕ್ಷರವನ್ನೂ ನೋಡಿ. ಎಫ್ ಇದ್ರೆ ಫಲವಂತಿಕೆಗೆ ಪೆಟ್ಟು, ಡಿ ಇದ್ರೆ ಹೊಟ್ಟೆಯಲ್ಲಿರೋ ಮಗುವಿಗೆ. ಥಿನ್ನರಲ್ಲಿ ಬರೋ ಟಾಲ್ಯೂಯಿನ್, ರೆಸಿನಲ್ಲಿ ಬರೋ ಸ್ಟೈರೀನ್ ಮೇಲೆ 361 ಡಿ ಇರ್ತದೆ, ಅಂದ್ರೆ ಮಗುವಿನ ಬಗ್ಗೆ ಅನುಮಾನ. ಎಥಾಕ್ಸಿ ಎಥನಾಲ್ ಮೇಲೆ 360, ಎಫ್ ಡಿ ಎರಡೂ.

ಜಿಮ್‌ಹುಡ್ಗ
ನಮ್ಮ ಜಿಮ್ಮಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡ್ತಾರೆ, ಅದು ತಗೊಂಡ್ರೆ ಕೌಂಟ್ ಏರ್ತದೆ ಅಂತ ಕೋಚ್ ಹೇಳಿದ್ರು, ಅಣ್ಣ ಟ್ರೈ ಮಾಡ್ಬಹುದಾ?

ಲ್ಯಾಬಕ್ಕ
ದಯವಿಟ್ಟು ಬೇಡ!! ಪೂರ್ತಿ ಉಲ್ಟಾ. ಹೊರಗಿಂದ ಹಾಕಿದ್ರೆ ಮೆದುಳು ಸಾಕು ಅಂತ ಸಿಗ್ನಲ್ ನಿಲ್ಲಿಸ್ತದೆ, ವೀರ್ಯಾಣು ಸೊನ್ನೆಗೆ ಇಳೀತದೆ. ಈ ವರ್ಷವೇ ಇಬ್ಬರು ಹುಡುಗರ ರಿಪೋರ್ಟ್ ಹಾಗೆ ನೋಡಿದೆ. ನೀನು ತಗೊಳ್ತಾ ಇದ್ರೆ ಡಾಕ್ಟರ್ ಹತ್ರ ಹೋಗು, ಕೋಚ್ ಹತ್ರ ಅಲ್ಲ. ಹಾಗೇ ಕವಳ (ಎಲೆ ಅಡಿಕೆ), ಗುಟ್ಕಾ, ತಂಬಾಕು ಎಲ್ಲವೂ ಕಮ್ಮಿ ಮಾಡೋವೇ.

ಹಳೇಹುಲಿ (ಹೊನ್ನಾವರ)
ಕವಳಕ್ಕೂ ಬಂದ್ರಲ್ಲ ಈಗ. ಸರಿ, ಒಂದು ಮಾತು ಕೇಳ್ತೇನೆ. ಕೆಲಸ ಬಿಡು ಅಂದ್ರೆ ಅವನು ಹೊಟ್ಟೆಗೆ ಎಂತ ತಿನ್ನೋದು? ಇಲ್ಲಿ ಎಲ್ಲರೂ ಸಲಹೆ ಕೊಡ್ತೀರಿ. ಬೋಟಿನ ಸಾಹುಕಾರ ಎರಡು ದಿನ ತಡ ಆದ್ರೆ ಬೇರೆಯವನನ್ನ ಕರೀತಾನೆ.

ಸುಗ್ಗಿಹೂ (ಅಂಕೋಲಾ)
ಈ ಪ್ರಶ್ನೆ ಮಾತ್ರ ನಿಜ. ನಮ್ಮವರು ಬಿಟ್ಟಾಗ ಎಂಟು ತಿಂಗಳು ನನ್ನ ಹೊಲಿಗೆ ಮಷಿನ್ ಮೇಲೇ ಮನೆ ನಡೆದದ್ದು. ಎಲ್ಲರಿಗೂ ಆಗೋದಿಲ್ಲ.

ರಸಾಯನ ಮೇಷ್ಟ್ರು (ಶಿರಸಿ)
ಕೆಲಸ ಬಿಡ್ಬೇಕಾಗಿಲ್ಲ, ಥಿನ್ನರ್ ಬದಲಾಯಿಸ್ಬೇಕು. ಅದೇ ಕೆಲಸ ಮಾಡೋ 1-ಮೆಥಾಕ್ಸಿ-2-ಪ್ರೊಪನಾಲ್ ಅಂತ ಇದೆ, ಪ್ರೊಪಿಲೀನ್ ಗುಂಪಿನದ್ದು, ಅದರಲ್ಲಿ ವೃಷಣಕ್ಕೆ ಆ ಅಪಾಯ ಕಂಡಿಲ್ಲ. ಎಷ್ಟೋ ದೇಶದಲ್ಲಿ ಕಾರ್ಖಾನೆಗಳು ಹೀಗೇ ಬದಲಾಯಿಸಿದ್ದು. ತಾಡಪಾಲಿನ ಎರಡು ಎದುರುಬದುರು ಬದಿ ಬಿಚ್ಚಿ ಒಂದು ಕಡೆ ದೊಡ್ಡ ಎಕ್ಸಾಸ್ಟ್ ಫ್ಯಾನ್, ಗಾಳಿ ಬೆನ್ನಿನ ಕಡೆಯಿಂದ ಬರೋ ಹಾಗೆ ನಿಂತು ಹೊಡೆಯೋದು. ಫ್ಯಾನ್ ಕಿಡಿ ಹಾರದ ಮೋಟಾರಿನದ್ದೇ ಬೇಕು, ಥಿನ್ನರ್ ಹೊಗೆಗೆ ಬೆಂಕಿ ಹಿಡಿಯೋದು ತಡ ಇಲ್ಲ. ಟವೆಲ್, ಸರ್ಜಿಕಲ್ ಮಾಸ್ಕ್, ಎನ್ 95, ಇವ್ಯಾವುದೂ ಆವಿ ತಡೆಯೋದಿಲ್ಲ, ಧೂಳು ಮಾತ್ರ. ಇದ್ದಿಲಿನ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು, ವಾಸನೆ ಒಳಗೆ ಬರ್ಲಿಕ್ಕೆ ಶುರುವಾಗೋದರೊಳಗೆ ಕಾರ್ಟ್ರಿಜ್ ಬದಲಾಯಿಸ್ಬೇಕು. ಗ್ಲೈಕಾಲ್ ಈಥರಿಗೆ ಗ್ಲೌಸ್ ಬ್ಯುಟೈಲ್ ರಬ್ಬರಿನದ್ದು, ಆಸ್ಪತ್ರೆಯ ತೆಳ್ಳನೆ ಗ್ಲೌಸ್ ಥಿನ್ನರಿಗೆ ತಡೆಯೋದಿಲ್ಲ.

ಬಲೆಗಾರ (ಬೇಲೆಕೇರಿ ಕಡೆ)
ನಾನು ಓದ್ತಾ ಇದ್ದವ, ಈಗ ಹೆದರಿಕೆ ಆಗಿ ಬರೀತಿದ್ದೇನೆ. ನಾವು ಬಲೆಗೆ ಸೀಸದ ಗುಂಡು ಮನೆಯಲ್ಲೇ ಎರೆಯೋದು. ಹಳೇ ಸೀಸ ತಂದು, ಜಗುಲಿ ತುದಿಯಲ್ಲಿ ಕಬ್ಬಿಣದ ಬಾಣಲೆ, ಕೆಳಗೆ ತೆಂಗಿನ ಗರಟದ ಬೆಂಕಿ. ಕರಗಿದಾಗ ಮೇಲೆ ಬೂದಿ ಕೆನೆ ಕಟ್ತದೆ, ಅದನ್ನ ಸೌಟಲ್ಲಿ ಬದಿಗೆ ತಳ್ಳಿ ಅಚ್ಚಿಗೆ ಹೊಯ್ಯೋದು. ಅಪ್ಪನೂ ಹಾಗೇ ಮಾಡಿದ್ದು. ಮಗಳಿಗೆ ನಾಲ್ಕು ವರ್ಷ, ತಣ್ಣಗಾದ ಗುಂಡು ಎಣಿಸಿ ಡಬ್ಬಿಗೆ ಹಾಕೋದು ಅವಳಿಗೆ ಆಟ. ಇದೂ ಅದೇ ಸೀಸವಾ?

ಲ್ಯಾಬಕ್ಕ
ಅದೇ ಸೀಸ ತಮಾ. ಆ ಬೂದಿ ಕೆನೆಯೇ ಕೆಟ್ಟದ್ದು, ಒಣಗಿ ಹಾರ್ತದೆ. ಇವತ್ತಿಂದ ಮಗಳ ಕೈಗೆ ಗುಂಡು ಕೊಡ್ಬೇಡ. ಜಗುಲಿ ಗುಡಿಸ್ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು.

ದೋಣಿಬಣ್ಣ (ಕಾರವಾರ ಕಡೆ)
ಎಲ್ಲರಿಗೂ ಬರೀಲಿಕ್ಕೆ ತಡ ಆಯ್ತು, ಹತ್ತಿರ ನಾಲ್ಕು ತಿಂಗಳು. ಏನೇನಾಯ್ತು ಅಂತ ಹೇಳ್ತೇನೆ.

ಮರುದಿನವೇ ಶೆಡ್ಡಿಗೆ ಹೋಗಿ ಡ್ರಮ್ ನೋಡಿದೆ. ಲೇಬಲ್ ಮೇಲೆ ರೆಸಿನ್ ಒಣಗಿ ಗಟ್ಟಿಯಾಗಿತ್ತು, ಬ್ಲೇಡಲ್ಲಿ ಹೆರೆದು ಹೆರೆದು ಓದಿದೆ. ಎದೆಯಲ್ಲಿ ನಕ್ಷತ್ರ ಇರೋ ಮನುಷ್ಯ ಇದ್ದ. ಹನ್ನೊಂದು ವರ್ಷ ಅದೇ ಡ್ರಮ್ ಮೇಲೆ ಕೂತು ಚಾ ಕುಡಿದಿದ್ದೇನೆ ನಾನು. ಶೀಟ್ ತರಿಸಿದ್ವಿ, ಮೇಷ್ಟ್ರು ಹೇಳಿದ ಗುಂಪಿನ ಎಥಾಕ್ಸಿ ಎಥೈಲ್ ಅಸಿಟೇಟ್ ಅಂತ ಇತ್ತು, 360, ಎಫ್ ಡಿ ಎರಡೂ. ಜೊತೆಯವನಿಗೆ ತೋರಿಸಿದೆ. ಅವನು ತುಂಬಾ ಹೊತ್ತು ಮಾತಾಡ್ಲಿಲ್ಲ, ಆಮೇಲೆ ಅವನ ರಿಪೋರ್ಟ್ ಫೋನಲ್ಲಿ ತೆಗೆದು ತೋರಿಸಿದ. ಎರಡು ವರ್ಷದಿಂದ ಅದು ಅವನ ಫೋನಲ್ಲೇ ಇತ್ತು, ಹೆಂಡತಿಗೂ ಗೊತ್ತಿರ್ಲಿಲ್ಲ.

ಶೆಡ್ಡಿನ ಯಜಮಾನರ ಹತ್ರ ಇಬ್ಬರೂ ಸೇರಿ ಹೋದ್ವಿ. ಮೊದಲು ರೇಗಿದ್ರು. ಬೇರೆ ಥಿನ್ನರಿಗೆ ಲೀಟರಿಗೆ ಜಾಸ್ತಿ ಬೀಳ್ತದೆ ಅಂದ್ರು. ಅವರ ಮಗನೂ ಅಲ್ಲೇ ಗನ್ ಹಿಡೀತಾನೆ ಅಂತ ನೆನಪು ಮಾಡಿದ್ಮೇಲೆ ಒಪ್ಪಿದ್ರು. ಥಿನ್ನರ್ ಬದಲಾಗಿದೆ. ಫ್ಯಾನ್ ಮಳೆಗಾಲದ ಮುಂಚೆ ಹಾಕಿಸ್ತೇನೆ ಅಂದಿದ್ದಾರೆ, ಇನ್ನೂ ಹಾಕಿಸ್ಲಿಲ್ಲ.

ಡಾಕ್ಟ್ರನ್ನೂ ಬದಲಾಯಿಸಿದೆ, ಮಣಿಪಾಲಕ್ಕೆ ಹೋದ್ವಿ. ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಿದ ಮೊದಲ ಡಾಕ್ಟ್ರು ಅವರೇ. ವೆರಿಕೋಸೀಲ್ ಇದೆ, ಎಡಗಡೆ ನರ ಊದಿದೆ ಅಂದ್ರು. ಹಾಗಾಗಿ ಅದರಿಂದ ಎಷ್ಟು, ಥಿನ್ನರಿಂದ ಎಷ್ಟು ಅಂತ ಬೇರೆ ಮಾಡಿ ಹೇಳ್ಲಿಕ್ಕೆ ಆಗೋದಿಲ್ಲ ಅಂದ್ರು. ಎರಡನೇ ರಿಪೋರ್ಟ್ 11 ಮಿಲಿಯನ್. ಖುಷಿ ಪಡ್ಬೇಡ, ಇನ್ನೊಂದು ಸಲ ನೋಡೋಣ ಅಂದಿದ್ದಾರೆ. ಹೆಂಡತಿ ಬಸ್ಸಲ್ಲಿ ಬರ್ತಾ ಇನ್ನು ಮುಂದೆ ನಾನು ಒಬ್ಬಳೇ ಆಸ್ಪತ್ರೆಗೆ ಹೋಗೋದಿಲ್ಲ ಅಂದ್ಳು. ಹೌದು ಅಂದೆ.

ಸುಗ್ಗಿಹೂ (ಅಂಕೋಲಾ)
ಅವಳಿಗೆ ನನ್ನ ನಮಸ್ಕಾರ ಹೇಳು.

ಹಳೇಹುಲಿ (ಹೊನ್ನಾವರ)
ತಮಾ, ಒಳ್ಳೇದಾಗ್ಲಿ. ನಮ್ಮ ಅಳಿಯನೂ ಪೇಂಟಿಂಗ್ ಕಾಂಟ್ರಾಕ್ಟಲ್ಲಿ ಇದ್ದಾನೆ. ಆ ನಕ್ಷತ್ರದ ಚಿತ್ರ ಒಂದು ಫೋಟೋ ಕಳಿಸು.

ಜುಬೈಲ್‌ಭಾವ (ಕುಮಟಾ)
ಮಣಿಪಾಲದ ತನಕ ಹೋಗ್ಬೇಕಾಯ್ತು ನೋಡಿ. ಈ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಕೇಳಿ ಕೇಳಿ ಎಷ್ಟು ವರ್ಷ ಆಯ್ತು, ಗರ್ಭಿಣಿ ಆಗ್ಲಿ, ಆ್ಯಕ್ಸಿಡೆಂಟ್ ಆಗ್ಲಿ, ಗೋವಾ ಇಲ್ಲಾ ಮಣಿಪಾಲ ಇಲ್ಲಾ ಹುಬ್ಬಳ್ಳಿ. ಅದಕ್ಕೆ ಬೇರೆಯೇ ಬರೀಬೇಕು, ಇಲ್ಲಿ ಬೇಡ.

ಬಲೆಗಾರ (ಬೇಲೆಕೇರಿ ಕಡೆ)
ಅಕ್ಕ, ಸೀಸ ಎರೆಯೋದು ಈಗ ಹೊಳೆ ಬದಿ ಹಳೇ ಚಪ್ಪರಕ್ಕೆ ಹಾಕಿದೆ, ಮನೆ ಹತ್ರ ಇಲ್ಲ. ಬಾಣಲೆನೂ ಅಲ್ಲೇ. ಆದ್ರೆ ಮಗಳ ರಕ್ತ ನೋಡಿಸ್ಬೇಕು ಅಂತ ಹೆಂಡತಿ ಹೇಳ್ತಾಳೆ. ನಮ್ಮಲ್ಲಿ ಮಾಡ್ತಾರಾ?

ಲ್ಯಾಬಕ್ಕ
ರಕ್ತ ಇಲ್ಲೇ ತೆಗೆದು ಹೊರಗೆ ಕಳಿಸ್ತೇವೆ, ನಾಲ್ಕೈದು ದಿನ ಆಗ್ತದೆ. ಖಾಲಿ ಹೊಟ್ಟೆ ಬೇಕಿಲ್ಲ. ಬರೋ ಮುಂಚೆ ಅವಳ ಎರಡೂ ಕೈ ಮೊಣಕೈ ತನಕ ಸಾಬೂನು ಹಾಕಿ ತೊಳೆದು, ಒಗೆದ ಫ್ರಾಕ್ ಹಾಕಿಸು. ನೀನೂ ಕೊಡು, ಒಟ್ಟಿಗೇ ಕಳಿಸೋಣ. ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ.